ಮಾತಿಗೆ 'ಬರ್ರಿ' ಅಂದು ಸಿಂಗಾಪುರಕ್ಕೆ ಹೋದದ್ದು

ಹುಮನಾಬಾದ

ಸಿಂಗಾಪುರದಲ್ಲಿ ಏನೇನು ನೋಡಬೇಕು, ಎಲ್ಲಿ ಇಳಿದುಕೊಳ್ಳಬೇಕು ಎಂದು ತಿಳಿಯಬೇಕಾದವರು ದಯವಿಟ್ಟು ಬೇರೆ ಯಾರನ್ನಾದರೂ ಕೇಳಿ. ನಾನು ಅಲ್ಲಿ ನಾಲ್ಕು ದಿನ ಇದ್ದು ಬಂದದ್ದು ನಿಜ. ಆದರೆ ಊರನ್ನು ನೋಡಿದ್ದಕ್ಕಿಂತ ಗಂಡನನ್ನು ದುರುಗುಟ್ಟಿ ನೋಡಿದ್ದೇ ಹೆಚ್ಚು.

ಹುಮನಾಬಾದದಲ್ಲಿ ನಮ್ಮದು ಹನ್ನೊಂದು ಮಂದಿಯ ಮನೆ. ಅತ್ತೆ, ಮಾವ, ಇಬ್ಬರು ಮೈದುನರು, ಅವರ ಹೆಂಡಂದಿರು, ಅವರದೊಂದು ಕೂಸು, ನನ್ನ ಗಂಡ ರೇವಣಪ್ಪ, ಆರು ವರ್ಷದ ಮಗಳು ಪ್ರಣತಿ, ಮೂರು ವರ್ಷದ ಮಗ ಓಂಕಾರ, ಮತ್ತೆ ನಾನು. ಹಗಲು ಶಾಲೆಯಲ್ಲಿ ನಲವತ್ತು ಮಕ್ಕಳು 'ಟೀಚರ್' ಎಂದು ಕರೆಯುತ್ತವೆ. ಮನೆಗೆ ಬಂದರೆ ದೊಡ್ಡವರೆಲ್ಲ 'ಸುರೇಖಾ', ಮಕ್ಕಳು 'ಮಮ್ಮಿ' ಎಂದು ಕರೆಯುತ್ತಾರೆ. ಕೂಸಿಗಿನ್ನೂ ಮಾತು ಬಂದಿಲ್ಲ, ಆದರೂ ಅದು ನನ್ನನ್ನು ನೋಡಿಯೇ ಅಳುತ್ತದೆ.

ಮದುವೆಯಾಗಿ ಒಂಬತ್ತು ವರ್ಷವಾಯಿತು. ನಾವು ನಾವೇ ಎಂದು ಒಮ್ಮೆಯೂ ಎಲ್ಲಿಗೂ ಹೋದವರಲ್ಲ. ಮೊದಲ ವರ್ಷ ಮಹಾಬಳೇಶ್ವರಕ್ಕೆಂದು ಹೊರಟವರು ಒಂದೇ ಕ್ರೂಸರ್ ಜೀಪಿನಲ್ಲಿ ಹದಿನಾಲ್ಕು ಮಂದಿ ತುಂಬಿಕೊಂಡು ತುಳಜಾಪುರಕ್ಕೆ ಹೋಗಿ ವಾಪಸು ಬಂದೆವು. ಹಾದಿಯುದ್ದಕ್ಕೂ ನನ್ನ ತೊಡೆಯ ಮೇಲೆ ಯಾರದೋ ಮಗು ಮಲಗಿತ್ತು. ಯಾರದೆಂದು ಇಂದಿಗೂ ನನಗೆ ಗೊತ್ತಿಲ್ಲ.

ಹೋದ ವರ್ಷ ಪ್ರಣತಿಯ ಶಾಲೆಯಲ್ಲಿ 'ನನ್ನ ಅಮ್ಮ' ಎಂದು ನಾಲ್ಕು ಸಾಲು ಬರೆಯಲು ಹೇಳಿದ್ದರು. ಅವಳು ಒಂದೇ ಸಾಲು ಬರೆದಳು: 'ನನ್ನ ಅಮ್ಮ ಬಂದೆ ಬಂದೆ ಎನ್ನುತ್ತಾಳೆ.' ಅವಳ ಟೀಚರ್ ನನಗೆ ಅದನ್ನು ತೋರಿಸಿ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಅಲ್ಲಿಗೂ ಕರೆ ಬಂತು.

ಅವತ್ತೇ ನಿರ್ಧಾರ ಮಾಡಿದೆ. ಯಾವುದಾದರೂ ದೊಡ್ಡ ಊರು, ನಾಲ್ಕು ದಿನ, ನಾವು ನಾಲ್ಕೇ ಮಂದಿ. ದೇವರಿಲ್ಲ, ಮದುವೆಯಿಲ್ಲ, ಬಳಗವಿಲ್ಲ. ಬಳಗ ಸಿಗದ ಊರು ಬೇಕೆಂದರೆ ದೇಶ ಬಿಟ್ಟೇ ಹೋಗಬೇಕು ಎಂದುಕೊಂಡು ಸಿಂಗಾಪುರ ಆರಿಸಿದೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರು ಏನು ಮಾಡಬೇಕೆಂದು ಮೊಬೈಲಿನಲ್ಲಿ ಸಿಕ್ಕದ್ದೆಲ್ಲ ನೋಡಿದೆ. ದಿನಕ್ಕೆ ಒಂದೇ ಜಾಗ ನೋಡಿ, ಮಧ್ಯಾಹ್ನ ಮಲಗಿಸಿ, ಚೀಲದಲ್ಲಿ ತಿನ್ನಲು ಇಟ್ಟುಕೊಳ್ಳಿ ಎನ್ನುತ್ತಿದ್ದರು. ಟೀಚರ್ ಅಲ್ಲವೇ ನಾನು, ಡ್ರಾಯಿಂಗ್ ಶೀಟಿನ ಮೇಲೆ ಗೆರೆ ಎಳೆದು ವೇಳಾಪಟ್ಟಿಯನ್ನೇ ಮಾಡಿದೆ. ಮೊದಲ ಪೀರಿಯಡ್ ಹಕ್ಕಿಗಳು, ಎರಡನೆಯದು ತಿಂಡಿ, ಮೂರನೆಯದು ನಿದ್ದೆ. ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ನಾಲ್ಕು ದಿನ, ನಾಲ್ಕು ಮಂದಿ' ಎಂದು ಬರೆದೆ. ಮೂರನೆಯ ದಿನ ಸಂಜೆಯ ಖಾನೆಯಲ್ಲಿ ಬರೆದದ್ದು ಇಷ್ಟೇ: ನದಿಯ ದಂಡೆ, ಸುಮ್ಮನೆ ಕೂಡುವುದು.

ರೇವಣಪ್ಪ ಬೆರಳಿಟ್ಟು ಓದಿದರು. "ಸುಮ್ಕ ಕೂಡಾಕ ಸಿಂಗಾಪುರ ಯಾಕ ಬೇಕು? ನಮ್ಮ ಮಾಳಗಿ ಮ್ಯಾಲ ಕೂಡು."

"ಮಾಳಗಿ ಮ್ಯಾಲ ಕೂತ್ರ ಕೆಳಗಿಂದ ಕರೀತಾರ್ರೀ," ಅಂದೆ.

ಈ ಮನುಷ್ಯ ಕೆಟ್ಟವರಲ್ಲ. ಮೋಟರು, ಪೈಪಿನ ಅಂಗಡಿ ಇಟ್ಟಿದ್ದಾರೆ, ಊರಿಗೆಲ್ಲ ಬೇಕಾದವರು. ಅವರಿಗಿರುವುದು ಒಂದೇ ರೋಗ, 'ಬರ್ರಿ'. ನಮ್ಮ ಕಡೆ ಎಲ್ಲರಿಗೂ ಇದೆ, ಇವರಿಗೆ ವಿಪರೀತ. ಚಹಾ ಕುಡಿಯುವಾಗ ಎದುರು ಹಾದು ಹೋದವರಿಗೆ ಬರ್ರಿ, ಉಣ್ಣುವಾಗ ಬಾಗಿಲಲ್ಲಿ ಕಂಡವರಿಗೆ ಬರ್ರಿ, ಗಾಡಿ ಹತ್ತುವಾಗ ನಿಂತು ನೋಡಿದವರಿಗೆ ಬರ್ರಿ. ಎದುರಿನವರು 'ಇರ್ಲಿ ಬಿಡ್ರಿ, ನಿಮ್ದಾಗ್ಲಿ' ಎನ್ನಬೇಕು. ಆಮೇಲೆ ಯಾರೂ ಎಲ್ಲಿಗೂ ಬರುವುದಿಲ್ಲ. ಇಬ್ಬರಿಗೂ ಸಮಾಧಾನ.

ಕೊಹಿನೂರ

ಪರದೇಶಕ್ಕೆ ಹೋಗುವಾಗ ಹಿರಿಯರಿಗೆ ಹೇಳದೆ ಹೋಗಬಾರದು ಎಂದು ರೇವಣಪ್ಪ ಹಟ ಹಿಡಿದರು. ಮೊದಲು ಬಸವಕಲ್ಯಾಣದ ನನ್ನ ತವರಿಗೆ ಹೋದೆವು. ಸಿಂಗಾಪುರ ಅಂದ ಕೂಡಲೇ ನಮ್ಮವ್ವ ಕೈ ಮುಗಿದಳು. "ಛಲೋ ಆತವ್ವಾ, ರೇವಣಪ್ಪಗ ಸಾಡೇಸಾತಿ ಅದ ಅಂತ ನಾ ಮೊದಲೇ ಹೇಳಿದ್ದೆ."

ಅವಳ ಕಿವಿಗೆ ಬಿದ್ದದ್ದು ಶನಿ ಶಿಂಗಣಾಪುರ. ಮಹಾರಾಷ್ಟ್ರದ ಶನಿದೇವರ ಊರು, ನಮ್ಮ ಕಡೆಯಿಂದ ಹೋಗದವರಿಲ್ಲ. ಪಕ್ಕದ ಮನೆಯ ಖಾಲಾ ಕೂಡ ಗೋಡೆಯ ಮೇಲಿಂದ ಇಣುಕಿ, "ಅಲ್ಲಿ ಮನೀಗಿ ಬಾಗಿಲೇ ಇಲ್ಲಂತಲ್ಲಮ್ಮಾ, ಸಾಮಾನು ಹುಷಾರ್," ಅಂದರು. ಅದಲ್ಲ, ಇದು ಬೇರೆ, ವಿಮಾನದಲ್ಲಿ ಹೋಗಬೇಕು ಎಂದು ಬಿಡಿಸಿ ಹೇಳಿದೆ. "ಶನಿಗಿ ಈಗ ವಿಮಾನ ಆಗ್ಯಾವೇನು!" ಎಂದು ಅವ್ವ ಬೆರಗಾದಳು. ನಾನು ಕೈ ಬಿಟ್ಟೆ.

ಅಲ್ಲಿಂದ ಕೊಹಿನೂರಿಗೆ. ಅಲ್ಲಿ ರೇವಣಪ್ಪನವರ ಸೋದರತ್ತೆ, ಅವರ ತಂದೆಯ ಅಕ್ಕ ಶರಣಮ್ಮತ್ತಿ ಇದ್ದಾರೆ. ಅರವತ್ತೆಂಟು ವರ್ಷ. ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಮೈದುನನ ತುಂಬಿದ ಮನೆಯಲ್ಲಿ ಹೊಲ, ಎಮ್ಮೆ, ಮೊಮ್ಮಕ್ಕಳನ್ನು ನೋಡಿಕೊಂಡಿದ್ದಾರೆ. ನಾವು ಹೋದಾಗ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ರೇವಣಪ್ಪ ಕಾಲಿಗೆ ನಮಸ್ಕಾರ ಮಾಡಿ, ಸಿಂಗಾಪುರದ ಸುದ್ದಿ ಹೇಳಿ, ಏಳುವಾಗ ಎಂದಿನ ರೂಢಿಯಲ್ಲಿ ಅಂದರು:

"ನೀವೂ ಬರ್ರಿ ಅತ್ತಿ."

ಶರಣಮ್ಮತ್ತಿ ಮೊರ ಕೆಳಗಿಟ್ಟರು. "ಯಾವಾಗ?"

"ಮುಂದಿನ ತಿಂಗಳ."

"ಬರ್ತೇನಿ."

ರೇವಣಪ್ಪ ನಕ್ಕರು. ಅವರ ಬಳಿ ಬಲವಾದ ಆಧಾರವಿತ್ತು. "ಅದಕ್ಕ ಪಾಸ್‌ಪೋರ್ಟ್ ಬೇಕಾಗ್ತದ ಅತ್ತಿ!"

ಅತ್ತಿ ಒಳಗೆ ಹೋದರು. ಟ್ರಂಕು ಎಳೆದ ಸದ್ದಾಯಿತು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಣ ಬೇವಿನೆಲೆ ಹಾಕಿಟ್ಟ ಪಾಸ್‌ಪೋರ್ಟನ್ನು ತಂದು ಅಳಿಯನ ಕೈಯಲ್ಲಿಟ್ಟರು. ಕೆಲವು ವರ್ಷಗಳ ಕೆಳಗೆ ಊರವರೆಲ್ಲ ಸೇರಿ ನೇಪಾಳದ ಪಶುಪತಿನಾಥನಿಗೆ ಹೋಗಬೇಕೆಂದಿದ್ದರಂತೆ. ಪಾಸ್‌ಪೋರ್ಟ್ ಬೇಕೆಂದು ಯಾರೋ ಹೇಳಿದ್ದನ್ನು ನಂಬಿ ಇಡೀ ಊರಲ್ಲಿ ಅತ್ತಿ ಒಬ್ಬರೇ ಮಾಡಿಸಿದ್ದರು. ನೇಪಾಳಕ್ಕೆ ಅದು ಬೇಕಾಗಿರಲಿಲ್ಲ. ಆಮೇಲೆ ಯಾತ್ರೆಯೇ ರದ್ದಾಯಿತು. ಪುಟಗಳೆಲ್ಲ ಖಾಲಿ, ಅವಧಿ ಇನ್ನೂ ಮುಗಿದಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅದಕ್ಕೇ ಅವರು ಹೆದರಿದರು.

"ನಾ ಮಾತಿಗಿ ಅಂದಿದ್ದೆ ಸುರೇಖಾ."

"ಅವರು ಖರೇ ತಿಳಕೊಂಡ್ರು. ಈಗ ಹೋಗಿ ಬ್ಯಾಡ ಅಂತ ಹೇಳ್ರಿ."

"ಹ್ಯಾಂಗ ಹೇಳಾಕ ಬರ್ತದ?"

ಬರುವುದಿಲ್ಲ, ನನಗೂ ಗೊತ್ತಿತ್ತು. ಮನೆಗೆ ಬಂದು ವೇಳಾಪಟ್ಟಿಯಲ್ಲಿ 'ನಾಲ್ಕು ಮಂದಿ' ಎಂಬುದನ್ನು ಅಳಿಸಲು ಹೋದೆ. ಸ್ಕೆಚ್ ಪೆನ್ನು, ಅಳಿಯಲಿಲ್ಲ, ಹಾಳೆ ಹರಿಯಿತು.

ಮನ್ನಾಏಖೇಳ್ಳಿ

ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಹೊರಟವರು ಮನ್ನಾಏಖೇಳ್ಳಿಯಲ್ಲಿ ಚಹಾಕ್ಕೆ ನಿಂತೆವು. ಬಸ್ಸಿಗೆ ಕಾಯುತ್ತಿದ್ದ ಮಂದಿಯೆದುರು ಶರಣಮ್ಮತ್ತಿ, "ಸಿಂಗಾಪುರಕ್ಕ ಹೋಗಾಕತ್ತೇನಿ," ಎಂದು ಕೇಳದಿದ್ದವರಿಗೂ ಹೇಳಿದರು. ಚಹಾದಂಗಡಿಯ ಹೆಣ್ಣುಮಗಳು ಒಳಗೋಡಿ ಒಂದು ಬಾಟಲಿ ಎಳ್ಳೆಣ್ಣೆ ತಂದು, "ನಮ್ಮ ಹೆಸರಲೇ ಶನಿದೇವ್ರಿಗಿ ಹಾಕ್ರಿ," ಎಂದು ಕೈಗಿಟ್ಟಳು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ರೇವಣಪ್ಪ ಅದನ್ನು ಸೂಟ್‌ಕೇಸಿನಲ್ಲಿ ನನ್ನ ಬಟ್ಟೆಗಳ ನಡುವೆ ಇಟ್ಟರು. ಸಿಂಗಾಪುರದಲ್ಲಿ ತೆಗೆದಾಗ ಬಾಟಲಿ ಖಾಲಿಯಾಗಿತ್ತು, ನನ್ನ ನಾಲ್ಕು ಹೊಸ ಕುರ್ತಾಗಳಿಗೂ ಶನಿಯ ಅಭಿಷೇಕವಾಗಿತ್ತು.

ಮೊದಲ ದಿನ

ಸಿಂಗಾಪುರ ಬಲು ಸ್ವಚ್ಛ ಎಂದು ಎಲ್ಲರೂ ಬರೆಯುತ್ತಾರೆ. ಅಲ್ಲಿನ ಪಾಯಖಾನೆಗೆ ಒಂದು ಕೆಂಪು ಕಣ್ಣಿದೆ ಎಂದು ಯಾರೂ ಬರೆಯುವುದಿಲ್ಲ. ಕೂತವರು ತುಸು ಅಲುಗಾಡಿದರೆ ಸಾಕು, ಎದ್ದರೆಂದು ತಿಳಿದು ತಾನೇ ಭೋರ್ ಎಂದು ನೀರು ಬಿಡುತ್ತದೆ. ಓಂಕಾರ ಕೂತಲ್ಲಿ ಸುಮ್ಮನಿರುವ ಹುಡುಗನಲ್ಲ. ವಿಮಾನ ನಿಲ್ದಾಣದಲ್ಲೇ ಮೊದಲ ಸಲ ಅದು ಅವನ ಕೆಳಗೆ ಗರ್ಜಿಸಿತು. "ಹುಲಿ! ಹುಲಿ!" ಎಂದು ಚಡ್ಡಿಯಿಲ್ಲದೆ ಓಡಿದವನನ್ನು ನಾನು ಲಗೇಜು ಬರುವ ಪಟ್ಟಿಯ ಹತ್ತಿರ ಹಿಡಿದೆ.

ಆಮೇಲೆ ಅವನು ಈ ದೇಶದಲ್ಲಿ ಕೂಡುವುದಿಲ್ಲ ಎಂದು ತೀರ್ಮಾನಿಸಿದ. ಹಕ್ಕಿಗಳ ಪೀರಿಯಡ್ಡು ಹೋಯಿತು, ತಿಂಡಿಯ ಪೀರಿಯಡ್ಡೂ ಹೋಯಿತು. ಕಂಡ ಕಂಡ ಪಾಯಖಾನೆಯ ಬಾಗಿಲಲ್ಲಿ ನಾವು ಅವನಿಗೆ ಚಾಕಲೇಟು ಹಿಡಿದು ನಿಂತೆವು. ಹೊಟ್ಟೆ ಹಿಡಿದುಕೊಂಡು ಅಳುತ್ತಾನೆ, ಒಳಗೆ ಕಾಲಿಡುವುದಿಲ್ಲ. ಪ್ರಣತಿ ಅಷ್ಟರಲ್ಲಿ ಒಂದೇ ಎಸ್ಕಲೇಟರನ್ನು ಹನ್ನೆರಡು ಸಲ ಹತ್ತಿ ಇಳಿದು, ಸಿಂಗಾಪುರ ನೋಡಿದ್ದಾಯಿತು, ಇನ್ನು ಮನೆಗೆ ಹೋಗೋಣ ಅಂದಳು.

ಸಂಜೆ ಶರಣಮ್ಮತ್ತಿ, "ಅದರ ಕಣ್ಣು ತೋರಸ್ರಿ ನನಗ," ಎಂದು ಒಳಗೆ ಹೋದರು. ಗೋಡೆಯ ಆ ಕೆಂಪು ದೀಪವನ್ನು ಬಗ್ಗಿ ನೋಡಿದರು. ಹೊರಗೆ ಬಂದು ನನ್ನ ಹಣೆಯ ಟಿಕಳಿ ಕಿತ್ತುಕೊಂಡು ಹೋಗಿ ಅದರ ಕಣ್ಣಿಗೆ ಅಂಟಿಸಿದರು. ಹುಲಿ ಕುರುಡಾಯಿತು. ಓಂಕಾರ ರಾಜನ ಹಾಗೆ ಇಪ್ಪತ್ತು ನಿಮಿಷ ಕೂತ. ಮುಂದಿನ ದಿನಗಳಲ್ಲಿ ನಾವು ಹೋದಲ್ಲೆಲ್ಲ ಟಿಕಳಿಯ ಪಾಕೀಟು ಜೊತೆಗಿತ್ತು. ಕೆಲಸ ಮುಗಿದ ಮೇಲೆ ಕಿತ್ತು ತೆಗೆಯುತ್ತಿದ್ದೆವು, ಎರಡು ಕಡೆ ಮರೆತೆವು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಲ್ಲಿಯೂ ಅತ್ತಿಯೇ ಬೇಕಾಯಿತಲ್ಲ ಎಂದು ಮೈ ಉರಿಯಿತು.

ಎರಡನೆಯ ದಿನ

ಮಧ್ಯಾಹ್ನ ಊಟಕ್ಕೆ ಹೋದದ್ದು ನೂರಾರು ಮೇಜುಗಳ ಒಂದು ದೊಡ್ಡ ಛಾವಣಿಯ ಕೆಳಗೆ. ಸುತ್ತ ಅಂಗಡಿಗಳು, ನಡುವೆ ಮಂದಿ. ಕಾಲಿಡಲು ಜಾಗವಿಲ್ಲ. ಆದರೂ ಒಂದು ಮೇಜು ಪೂರ್ತಿ ಖಾಲಿ ಇತ್ತು. ಅದರ ಮೇಲೆ ಒಂದು ಸಣ್ಣ ಟಿಶ್ಯೂ ಪಾಕೀಟು ಬೇರೆ. "ನೋಡು, ಕೈ ಒರೆಸಾಕ ಪುಕ್ಕಟ ಇಟ್ಟಾರ. ಎಂಥಾ ಮಂದಿ!" ಎಂದು ರೇವಣಪ್ಪ ಹೊಗಳಿ ಕೂತರು. ಓಂಕಾರನ ಮೂಗಿಗೆ ಎರಡು, ಪ್ರಣತಿಯ ಕೈಗೆ ಮೂರು, ಚೆಲ್ಲಿದ ಜ್ಯೂಸಿಗೆ ಉಳಿದದ್ದೆಲ್ಲ. ಪಾಕೀಟು ಮುಗಿಯಿತು. ಅತ್ತಿ ಕಟಕ ರೊಟ್ಟಿಯ ಗಂಟು ಬಿಚ್ಚಿದರು.

ಆಗ ಕೈಯಲ್ಲಿ ಊಟದ ತಟ್ಟೆ ಹಿಡಿದು ಒಬ್ಬ ಚೀನೀ ಮುದುಕ ಬಂದು ನಿಂತರು. ಮೇಜನ್ನು ನೋಡಿದರು. ಖಾಲಿ ಪಾಕೀಟನ್ನು ನೋಡಿದರು. ಓಂಕಾರನ ಮೂಗನ್ನು ನೋಡಿದರು.

ನನ್ನ ಗಂಡ ತುಂಬು ಮನಸ್ಸಿನಿಂದ ಕೈ ಚಾಚಿದರು. "ಬರ್ರಿ, ಬರ್ರಿ! ಕೂಡ್ರಿ!"

ಪಕ್ಕದ ಮೇಜಿನ ತಮಿಳು ಹುಡುಗಿ ನಗು ತಡೆಯಲಾರದೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಇಲ್ಲಿ ಊಟ ತರಲು ಹೋಗುವವರು ಮೇಜಿನ ಮೇಲೆ ಟಿಶ್ಯೂ ಪಾಕೀಟು ಇಟ್ಟು ಹೋಗುತ್ತಾರಂತೆ. ಇಟ್ಟರೆ ಆ ಜಾಗ ಅವರದು, ಯಾರೂ ಮುಟ್ಟುವುದಿಲ್ಲ. ನಾನು ನಾಚಿಕೆಯಿಂದ ಅತ್ತಿಗೆ ಕನ್ನಡದಲ್ಲಿ ಹೇಳಿದೆ.

"ಹಂಗಂದ್ರ ಬಸ್ಸಿನ ಕಿಡಕ್ಯಾಗಿಂದ ಟವೆಲ್ ಒಗದಂಗ!" ಎಂದು ಅತ್ತಿ ಗಲ್ಲಕ್ಕೆ ಕೈ ಹಚ್ಚಿದರು. "ಅಯ್ಯ, ನಾವು ಈ ಹಿರ್ಯಾನ ಟವೆಲ್‌ಲೇ ಮೂಗು ಒರಸೇವಲ್ಲೋ ರೇವಣಾ!"

ಮುದುಕರಿಗೆ ತಾವು ತಮ್ಮದೇ ಮೇಜಿಗೆ ಅತಿಥಿ ಎಂಬುದು ಅರ್ಥವಾಯಿತೋ ಇಲ್ಲವೋ, ಕೂತರು. ಅತ್ತಿ ಅವರ ತಟ್ಟೆಯಲ್ಲಿ ಒಂದು ರೊಟ್ಟಿ ಮುರಿದಿಟ್ಟು, ಮೇಲೆ ಶೇಂಗಾ ಹಿಂಡಿಯ ಖಾರದ ಪುಡಿ ಹಾಕಿದರು. ಖಾರಕ್ಕೆ ಮುದುಕರ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಒರೆಸಿಕೊಳ್ಳಲು ಅವರ ಟಿಶ್ಯೂ ಉಳಿದಿರಲಿಲ್ಲ. ಅತ್ತಿ ಸೆರಗು ಕೊಟ್ಟರು. ಮುದುಕರು ಅದನ್ನು ಹಿಡಿದು ಒರೆಸಿಯೇ ಬಿಟ್ಟರು, ಇನ್ನೊಂದು ರೊಟ್ಟಿ ಕೇಳಿದರು.

ಮೇಜಿನ ಸುತ್ತ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಆದರೆ ರೊಟ್ಟಿ ಹಂಚಿದವಳು, ನೀರು ತಂದವಳು, ಮೇಜು ಒರೆಸಿದವಳು ನಾನೇ. ಹುಮನಾಬಾದದ ಅಡುಗೆಮನೆಯೇ ಪಾಸ್‌ಪೋರ್ಟ್ ಮಾಡಿಸಿಕೊಂಡು ನನ್ನ ಹಿಂದೆ ಬಂದಿತ್ತು.

ಮೂರನೆಯ ದಿನ

ಸಂಜೆ ನದಿಯ ದಂಡೆಗೆ ಬಂದೆವು. ವೇಳಾಪಟ್ಟಿಯಲ್ಲಿ ಎಲ್ಲವೂ ಹಾಳಾಗಿ ಹೋಗಿತ್ತು, ಈ ಒಂದು ಖಾನೆ ಉಳಿದಿತ್ತು. ಅತ್ತಿ ಮಕ್ಕಳಿಗೆ ದೋಣಿ ತೋರಿಸುತ್ತ ತುಸು ಮುಂದೆ ಹೋದರು. ಗಾಳಿ ಬೀಸುತ್ತಿತ್ತು. ನಾನು ಕಲ್ಲಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕೂತೆ. ಎರಡು ನಿಮಿಷ ಆಗಿರಬೇಕು.

"ಯಾ ಯಾ! ಬಸಾ!" ಎಂದು ಹಿಂದಿನಿಂದ ಗಂಡನ ದನಿ ಕೇಳಿತು.

ಅದು ಮರಾಠಿಯ 'ಬರ್ರಿ, ಕೂಡ್ರಿ'. ಲಾತೂರಿನಿಂದ ಬಂದ ಹನ್ನೆರಡು ಮಂದಿಯ ಕುಟುಂಬವೊಂದು ಹಾದು ಹೋಗುತ್ತಿತ್ತು. ಲಾತೂರಿನಲ್ಲಾಗಿದ್ದರೆ ಅವರೂ 'ಇರಲಿ' ಎಂದು ಮುಂದೆ ಹೋಗುತ್ತಿದ್ದರು. ಪಾಪ, ನಡೆದು ನಡೆದು ಕಾಲು ಸೋತಿದ್ದವು, ತಮ್ಮ ಮಾತು ಕಿವಿಗೆ ಬಿದ್ದಿತ್ತು. ಕೂತೇಬಿಟ್ಟರು. ಚೀಲಗಳಿಂದ ಚೂಡಾ ಬಂತು, ಶಂಕರಪಾಳಿ ಬಂತು. ಒಬ್ಬಾಕೆ ನನ್ನ ತೊಡೆಯ ಮೇಲೆ ಕೂಸು ಮಲಗಿಸಿ ಫೋಟೋ ತೆಗೆಯಲು ಹೋದಳು. ಇನ್ನೊಬ್ಬರು ಕಾಗದದ ತಟ್ಟೆಗಳ ಕಟ್ಟು ನನ್ನ ಕೈಗಿತ್ತರು. ನೋಡನೋಡುತ್ತ ನಾನು ಸಿಂಗಾಪುರದ ನದಿಯ ದಂಡೆಯಲ್ಲಿ ಹನ್ನೆರಡು ಮಂದಿಗೆ ಚೂಡಾ ಬಡಿಸುತ್ತಿದ್ದೆ.

"ಸುರೇಖಾ, ಇಲ್ಲಿ ಒಂದ್ ತಟ್ಟಿ ಕಮ್ಮಿ ಬಿತ್ತು," ಎಂದರು ರೇವಣಪ್ಪ.

ತಟ್ಟೆಗಳನ್ನು ನೆಲಕ್ಕೆ ಬಡಿದೆ.

"ನಾಲ್ಕ ಮಂದಿ ಅಂದಿದ್ದೆ ನಾ! ನಾಲ್ಕ ಮಂದಿ! ಒಂಬತ್ತು ವರ್ಷದಾಗ ಒಂದ್ ಸಲ ಸುಮ್ಕ ಕೂಡ್ತೇನಿ ಅಂದ್ರ ಅದೂ ನಿಮಗ ತಡಕೊಳ್ಳಾಕ ಆಗಲಿಲ್ಲ! ಕಂಡೋರಿಗೆಲ್ಲಾ ಬರ್ರಿ ಬರ್ರಿ ಬರ್ರಿ! ಅತ್ತಿಗೂ ನೀವು ಮಾತಿಗೇ ಅಂದ್ರಿ, ಅವರು ಬಂದೇ ಬಿಟ್ರು!"

ಅಂದ ಮೇಲೆ ತಿರುಗಿ ನೋಡಿದೆ. ಅತ್ತಿ ನನ್ನ ಹಿಂದೆಯೇ ನಿಂತಿದ್ದರು, ಎರಡೂ ಕೈಯಲ್ಲಿ ನನ್ನ ಮಕ್ಕಳು. ಲಾತೂರಿನವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಎಲ್ಲ ತಿಳಿಯಿತು. ಕೂಸನ್ನು ಎತ್ತಿಕೊಂಡು, ಚೀಲ ಕಟ್ಟಿ, ಒಬ್ಬೊಬ್ಬರಾಗಿ ಎದ್ದು ಹೋದರು. ರೇವಣಪ್ಪ ನೀರನ್ನು ನೋಡುತ್ತ ನಿಂತರು.

ಅತ್ತಿ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು.

"ರೇವಣ ಮಾತಿಗಿ ಅಂದಾನಂತ ನನಗ ಅವತ್ತೇ ಗೊತ್ತಿತ್ತವ್ವಾ," ಅಂದರು.

"ಗೊತ್ತಿತ್ತಾ? ಮತ್ತ ಯಾಕ..."

"ಎಲ್ಲಾರೂ ಬರ್ರಿ ಅಂತಾರ. ಮದುವಿಗಿ ಹೊಂಟೋರು ಅಂತಾರ, ಜೀಪಿನ್ಯಾಗ ಕೂತೋರು ಅಂತಾರ. ನಾ ಇರ್ಲಿ ಬಿಡ್ರಿ ಅಂತಿದ್ದೆ, ಜೀಪ್ ಹೋಗೇ ಬಿಡ್ತಿತ್ತು. ಅರವತ್ತೆಂಟು ವರ್ಷ ಅದೇ ಆತು. ಒಮ್ಮೆರ ಬರ್ತೇನಿ ಅಂದ್ರ ಏನಾಗ್ತದ ನೋಡೋಣಂತ ಅಂದೆ. ಅಂದ ಮ್ಯಾಲ ನನಗೂ ಅಂಜಿಕಿ ಬಂತು. ಆದ್ರ ಬಾಯಿಂದ ಬಂದು ಹೋಗಿತ್ತು."

ನಾನು ನೆಲಕ್ಕೆ ಬಿದ್ದ ತಟ್ಟೆಗಳನ್ನು ಆಯತೊಡಗಿದೆ. ಅತ್ತಿ ನನ್ನ ಕೈ ಹಿಡಿದರು.

"ನೀ ಬ್ಯಾಡ ಅಂದಿದ್ರ ನಾ ಬರ್ತಿದ್ದಿಲ್ಲ. ಯಾಕ ಅನ್ನಲಿಲ್ಲ?"

"ಹ್ಯಾಂಗ ಅನ್ಲಿ ಅತ್ತಿ?"

"ಈಗ ಗಂಡಗ ಒದರಿದ್ಯಲ್ಲಾ, ಹಂಗ."

ನಾನು ಅಳತೊಡಗಿದೆ. ಹಿರಿಯರಿಗೆ ಎಂಥ ಮಾತು ಆಡಿದೆ ಎಂಬ ನಾಚಿಕೆ ಇತ್ತು, ಅಯ್ಯೋ ಎನ್ನಿಸಿತ್ತು. ಅಷ್ಟಾದರೂ ಸಿಟ್ಟು ಇಳಿದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನನಗೆ ನನ್ನ ಸಂಜೆ ಬೇಕಾಗಿತ್ತು. ಪ್ರಣತಿ ಬಂದು, "ಮಮ್ಮಿ, ನಿನಗ ಯಾರ್ ಹೊಡದ್ರು?" ಎಂದು ಕೇಳಿದಳು. ಯಾರೂ ಹೊಡೆದಿಲ್ಲ ಅಂದೆ.

ನಾಲ್ಕನೆಯ ದಿನ

ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುವಾಗ ಹೇಳಿದೆ.

"ಅತ್ತಿ, ಇವತ್ತ ಸಂಜಿ ನನಗ ಒಂದ್ ತಾಸು ಬೇಕು. ನಾ ಒಬ್ಬಾಕಿನೇ."

"ಒಬ್ಬಾಕಿನೇ ಯಾಕ?" ಎಂದರು ರೇವಣಪ್ಪ. ನಿನ್ನೆಯ ತಪ್ಪು ತಿದ್ದಿಕೊಳ್ಳುವ ಆಸೆ ಅವರಿಗೆ. "ನಾನೂ ಬರ್ತೇನಿ."

ಶರಣಮ್ಮತ್ತಿ ಚಹಾದ ಬಸಿ ಕೆಳಗಿಟ್ಟರು. "ನಿನಗ ಯಾರ್ ಬರ್ರಿ ಅಂದಾರೋ?"

ಮದುವೆಯಾದಾಗಿನಿಂದ ನಾನು ಅಷ್ಟು ಜೋರಾಗಿ ನಕ್ಕದ್ದು ನೆನಪಿಲ್ಲ. ರೇವಣಪ್ಪನವರ ಮುಖ ಕೆಂಪಾಯಿತು, ಆಮೇಲೆ ಅವರೂ ನಕ್ಕರು.

ಸಂಜೆ ಐದಕ್ಕೆ ಅತ್ತಿ ನನ್ನನ್ನು ಒಂದು ಉದ್ಯಾನದ ಬೆಂಚಿನವರೆಗೆ ಬಿಟ್ಟು, ನನ್ನ ಮೊಬೈಲು ಇಸಿದುಕೊಂಡು, ಇಬ್ಬರು ಮಕ್ಕಳನ್ನೂ ಅಳಿಯನನ್ನೂ ಮುಂದೆ ಹಾಕಿಕೊಂಡು ನೀರಿನ ಕಾರಂಜಿಯ ಕಡೆ ಹೋದರು. ಓಂಕಾರ ಅಳಲಿಲ್ಲ. ಹಿಂತಿರುಗಿ ಕೂಡ ನೋಡಲಿಲ್ಲ, ಅದಕ್ಕೆ ಚೂರು ನೋವಾಯಿತು.

ಮೊದಲ ಹತ್ತು ನಿಮಿಷ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಕಾಲ ಮೇಲೆ ಕಾಲು ಹಾಕಿದೆ, ತೆಗೆದೆ. ನಮ್ಮ ಊರಿನಲ್ಲಿ ಹೆಂಗಸು ಹೀಗೆ ಒಬ್ಬಳೇ ಬೆಂಚಿನ ಮೇಲೆ ಕೂತರೆ ಮೂರು ಮಂದಿ ಬಂದು 'ಯಾಕ್ರಿ, ಏನಾಯ್ತು?' ಎಂದು ಕೇಳುತ್ತಾರೆ. ಇಲ್ಲಿ ಒಂದು ಕಾಗೆ ಕೂಡ ತಿರುಗಿ ನೋಡಲಿಲ್ಲ. ರಸ್ತೆಯಂಚಿನಲ್ಲಿ ಒಬ್ಬ ಅಜ್ಜ ಗಾಡಿಯ ಮೇಲೆ ಐಸ್‌ಕ್ರೀಂ ಮಾರುತ್ತಿದ್ದರು. ಇಟ್ಟಿಗೆಯಂಥ ಐಸ್‌ಕ್ರೀಮನ್ನು ಚಾಕುವಿನಿಂದ ಕತ್ತರಿಸಿ ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಬಣ್ಣ ನೋಡಿ ಬೆರಳು ತೋರಿಸಿ ಒಂದು ತೆಗೆದುಕೊಂಡೆ. ಕಚ್ಚಿ ನೋಡಿದರೆ ಒಳಗೆ ಕೆಂಪು ಕಾಳು! ಉಸಳಿ ಮಾಡಬೇಕಾದ ಕಾಳನ್ನು ಸಕ್ಕರೆ ಹಾಕಿ ಐಸ್‌ಕ್ರೀಂ ಮಾಡಿದ್ದರು. ಅಸಂಬದ್ಧವಾಗಿತ್ತು, ಬಹಳ ರುಚಿಯಾಗಿತ್ತು.

ಮೊದಲ ತುತ್ತಾದ ಕೂಡಲೇ ನನ್ನ ಕೈ ತಾನಾಗಿಯೇ ಒಂದು ತುಂಡು ಮುರಿದು ಪಕ್ಕಕ್ಕೆ ಚಾಚಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಕೈಯನ್ನು ವಾಪಸು ತಂದು ಆ ತುಂಡನ್ನೂ ನಾನೇ ತಿಂದೆ. ಕರಗಿ ಮೊಣಕೈವರೆಗೆ ಇಳಿಯಿತು, ಎಣ್ಣೆಯ ಕಲೆಯ ಕುರ್ತಾದ ಮೇಲೆ ಬಿತ್ತು. ಯಾರಿಗೂ ಪಾಲು ಕೊಡದೆ, ನಡುವೆ ಒಮ್ಮೆಯೂ ಏಳದೆ, ಬ್ರೆಡ್ಡಿನ ಕೊನೆಯ ಚೂರಿನವರೆಗೆ ಪೂರ್ತಿ ತಿಂದೆ. ಕಣ್ಣಲ್ಲಿ ನೀರು ಬಂತು, ಬರಲಿ ಬಿಡು ಅಂದುಕೊಂಡೆ.

ನಲ್ಲಿಯಲ್ಲಿ ಕೈ ತೊಳೆದು, ಮಕ್ಕಳನ್ನು ಹುಡುಕಲು ಕಾರಂಜಿಯ ಕಡೆ ಹೊರಟೆ. ನಾಲ್ಕು ಹೆಜ್ಜೆ ಹೋದ ಮೇಲೆ ಕೈಗಡಿಯಾರ ನೋಡಿಕೊಂಡೆ. ನನ್ನ ತಾಸು ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು.

ವಾಪಸು ಬಂದು ಕೂತೆ.